ಓದುವ ಯಂತ್ರಕ್ಕೆ ಹೌದು ಎಂದವರು

ಚಿನ್ನಿ, ಗುಂಡ್ಯಾ,

ನಿಮ್ಮನ್ನು ಮನೆಯಲ್ಲಿ ಕರೆಯುವ ಹೆಸರಿನಿಂದಲೇ ಕರೆಯುತ್ತಿದ್ದೇನೆ. ಶಾಲೆಯಲ್ಲಿ ಹಚ್ಚಿದ ಹೆಸರು, ಅದರ ಹಿಂದಿನ ಅಡ್ಡಹೆಸರು ಬರೆಯಲು ಕೈ ಬರಲಿಲ್ಲ. ಬೇರೆ ಯಾರ ಹೆಸರನ್ನೂ ಬರೆದಿಲ್ಲ. ಬರೆದದ್ದು ಎಲ್ಲಿಗೆ ಹೋಗಿ ಮುಟ್ಟುತ್ತದೆಯೋ ಎಂಬ ಅನುಮಾನ ನನಗೆ ಈಚೆಗೆ ಅಂಟಿಕೊಂಡಿದೆ. ಅದು ಹೇಗೆ ಅಂಟಿತು ಎಂದು ಹೇಳಲಿಕ್ಕೇ ಕುಳಿತಿದ್ದೇನೆ.

ಬಾಯಿಬಿಟ್ಟು ಹೇಳುವುದು ನನ್ನಿಂದ ಆಗುವುದಿಲ್ಲ. ಕುಪ್ಪೇಲೂರಿನ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದೆ; ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದೆ. ಲಗ್ನವಾಗಿ ಬ್ಯಾಡಗಿಗೆ ಬಂದೆ. ನಿಮ್ಮ ಅಜ್ಜ ಅಲ್ಲಿಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಮೆಣಸಿನಕಾಯಿ ಹಂಗಾಮಿನಲ್ಲಿ ನಾವು ಹೆಂಗಸರು ಸಾಲಾಗಿ ಕುಳಿತು ತೊಟ್ಟು ಬಿಡಿಸುತ್ತಿದ್ದೆವು. ಅಲ್ಲಿಯೂ ಮಾತಾಡುವವರು ಬೇರೆ, ನಾನು ಕೇಳುವವಳು. ಅಜ್ಜ ಹೋದ ಮೇಲೆ ರಾಣೆಬೆನ್ನೂರಿಗೆ ನಿಮ್ಮ ಮನೆಗೆ ಬಂದೆ. ನಿಮ್ಮಪ್ಪ ಬೀಜದ ಅಂಗಡಿಗೂ ನೀವು ಶಾಲೆಗೂ ಹೋದ ಮೇಲೆ ನಮ್ಮ ಪಡಸಾಲೆಯಲ್ಲಿ ಏನೇನು ನಡೆಯುತ್ತಿತ್ತು ಎಂಬುದು ನಿಮಗೆ ಗೊತ್ತಿಲ್ಲ.

ಅಲ್ಲಿ ನಡೆದ ಫೋನಿನ ಕೆಲಸವನ್ನು ತಂದವಳು ಎದುರುಮನೆಯವಳು. ನನಗಿಂತ ಚಿಕ್ಕವಳು, ನಿಮ್ಮವ್ವನಿಗಿಂತ ದೊಡ್ಡವಳು. ಓಣಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ಕೂಗುವವಳು ಅವಳೇ. ಒಂದು ದಿನ ಊಟದ ಹೊತ್ತಿಗೆ ಫೋನು ಹಿಡಿದುಕೊಂಡು ಬಂದು ನಿಮ್ಮವ್ವನ ಮುಂದೆ ಕುಳಿತಳು.

“ಮನ್ಯಾಗ ಕುಂತ ಮಾಡೋ ಕೆಲಸ ಬಂದೈತಿ. ಕನ್ನಡ ಓದಾಕ ಬಂದ್ರ ಸಾಕಂತ. ಓದಬೇಕು, ಖರೇ ಐತೋ ಇಲ್ಲೋ ಅಂತ ಒತ್ತಬೇಕು. ನನ್ನ ಮಗಳು ಹೆರಿಗಿಗೆ ಬಂದಾಳಲ್ಲ, ಅಕಿನೂ ಸೇರ್ಯಾಳ. ನೀನೂ ಸೇರ. ಮೂರ ಮಂದಿ ಆದ್ರ ಹೊತ್ತು ಹೋಗತೈತಿ.”

“ಒತ್ತಿದ್ರ ಏನಾಗತೈತ್ರಿ ಅಕ್ಕಾರ?”

“ಕಂಪ್ಯೂಟರಿಗೆ ಬುದ್ಧಿ ಬರತೈತಂತ.”

“ನಮ್ಮ ಮನಿ ಹುಡುಗರಿಗೆ ಬರವಲ್ತು, ಇನ್ನ ಕಂಪ್ಯೂಟರಿಗೆ!” ಎಂದು ನಿಮ್ಮವ್ವ ನಕ್ಕಳು. ನಕ್ಕರೂ ಸೇರಿದಳು. ತನ್ನದೇ ಒಂದು ದುಡಿಮೆ ಬೇಕು ಎಂಬುದು ಅವಳ ಬಹಳ ದಿನದ ಆಸೆ.

ನನಗೆ ಅದನ್ನು ಬಿಡಿಸಿ ಹೇಳಿದವಳು ಎದುರುಮನೆಯ ಮಗಳು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿಧಾನವಾಗಿ ಮಾತಾಡುವ ಹುಡುಗಿ. ನನ್ನನ್ನು ದೊಡ್ಡವ್ವ ಎನ್ನುತ್ತಾಳೆ.

“ಎಲ್ಲೋ ದೂರದಾಗ ಒಂದು ಕಂಪ್ಯೂಟರ್ ಐತಿ ದೊಡ್ಡವ್ವಾ. ಮಂದಿ ಇಂಟರ್ನೆಟ್ಟಿನ್ಯಾಗ ಬರದದ್ದನ್ನೆಲ್ಲಾ ಓದಕೋಂತ ಇರತೈತಿ. ಸುದ್ದಿ, ಅಡಗಿ, ಊರಿನ ಕಥಿ, ಮಂದಿ ಜಗಳ, ಏನೂ ಬಿಡೂದಿಲ್ಲ. ಓದಿದ್ರಾಗಿಂದ ಸಣ್ಣ ಸಣ್ಣ ಮಾತು ಆರಸ್ತೈತಿ. ಬ್ಯಾಡಗಿ ಒಂದು ಊರು, ತುಂಗಭದ್ರಾ ಒಂದು ನದಿ, ಹಿಂಗ. ಭಾಳ ಕಡೆ ಕಂಡದ್ದನ್ನ ನಂಬತೈತಿ. ಅನುಮಾನ ಬಂದದ್ದನ್ನ ಮೂರ ಮಂದಿಗೆ ಕಳಸತೈತಿ. ಇಬ್ಬರು ಹೌದು ಅಂದ್ರ ಖರೇ ಅಂತ ಇಟಗೋತೈತಿ. ಆಮ್ಯಾಲ ಅದನ್ನ ಹಿಡಕೊಂಡ ಮುಂದಿಂದು ಕಲೀತೈತಿ.”

“ಯಾವಾಗ ಮುಗೀತೈತಿ ಅದರ ಓದು?”

“ಮುಗ್ಯೂದಿಲ್ಲ. ದಿನಾ ಹೊಸಾದು ಬರತೈತೆಲ್ಲ.”

“ಕಣ್ಣಿಲೆ ನೋಡೂದು, ನಾಲಿಗಿಲೆ ರುಚಿ ನೋಡೂದು?”

“ಅದೇನಿಲ್ಲ. ಬರೇ ಓದೂದು.”

ನನಗೆ ಅದು ಸರಿಬರಲಿಲ್ಲ. ಎಲ್ಲಿಗೂ ಹೋಗದೆ, ಏನನ್ನೂ ಮುಟ್ಟದೆ, ಮಂದಿಯ ಮಾತನ್ನಷ್ಟೇ ಕೂಡಿಹಾಕುವವರು ಊರಿಗೊಬ್ಬರು ಇರುತ್ತಾರೆ. ಅವರ ಮುಂದೆ ನಾವು ಮಾತು ನುಂಗಿಕೊಳ್ಳುತ್ತೇವೆ. ಇದರ ಮುಂದೆ ಎಲ್ಲವನ್ನೂ ಸುರಿಯುತ್ತಿದ್ದೆವು.

ಮೂವರನ್ನೂ ಒಂದೇ ಗುಂಪಿಗೆ ಹಾಕಿದ್ದರು. ಒಂದೇ ಮಾತು ಮೂರೂ ಫೋನಿಗೆ ಬರುತ್ತಿತ್ತು. ಕೆಳಗೆ ಹೌದು, ಅಲ್ಲ, ಗೊತ್ತಿಲ್ಲ ಎಂದು ಇರುತ್ತಿತ್ತು. ಒಬ್ಬೊಬ್ಬರೇ ಓದಿ ತಮ್ಮ ಪಾಡಿಗೆ ಒತ್ತಬೇಕಂತೆ. ಅದು ನಮ್ಮವರಿಗೆ ಹೇಗೆ ಸಾಧ್ಯ? ಶ್ಯಾವಿಗೆ ಹೊಸೆಯುವುದಿರಲಿ, ಹಪ್ಪಳ ಇಡುವುದಿರಲಿ, ಹೆಂಗಸರು ಒಂದು ಮನೆಯಲ್ಲಿ ಕೂಡಿಯೇ ಮಾಡಬೇಕು. ಕೂಡಿದಲ್ಲಿ ಒಬ್ಬಳು ಹಿರಿಯಳು, ಅವಳ ಮಾತಿನ ಹದದಲ್ಲಿ ಎಲ್ಲರ ಕೈ. ಇದೂ ಹಾಗೇ ಆಯಿತು. ನಮ್ಮ ಪಡಸಾಲೆಯಲ್ಲಿ ಜಮಖಾನ ಹಾಸಿ ಕುಳಿತು ಹುಡುಗಿ ಗಟ್ಟಿಯಾಗಿ ಓದುವಳು, ಅವಳ ತಾಯಿ ತೀರ್ಪು ಕೊಡುವಳು, ಮೂರು ಹೆಬ್ಬೆರಳು ಒಟ್ಟಿಗೇ ಒತ್ತುವವು. ನಾನು ಗೋಡೆಗೆ ಒರಗಿ ಅವರೆಕಾಳು ಸುಲಿಯುತ್ತ ಕೇಳುತ್ತಿದ್ದೆ.

ಮೊದಮೊದಲು ನಗೆಯೇ ನಗೆ. “ಹಾವೇರಿಯಲ್ಲಿ ಏಲಕ್ಕಿ ಬೆಳೆಯುತ್ತಾರೆ” ಎಂದು ಬಂತು.

“ಎಲ್ಲಿ ಬೆಳೀತಾರ್ಬೇ? ಬಸ್ ಸ್ಟ್ಯಾಂಡಿನ್ಯಾಗೇನು?” ಎಂದಳು ಎದುರುಮನೆಯವಳು.

ಹಾವೇರಿಯ ಏಲಕ್ಕಿ ಮಾಲೆಯ ಹೆಸರನ್ನು ಅದು ಎಲ್ಲೆಲ್ಲಿಯೋ ಓದಿರಬೇಕು. ಮಾಲೆ ಕಟ್ಟುವ ಊರು ಎಂದರೆ ಬೆಳೆಯುವ ಊರು ಎಂದುಕೊಂಡಿತು. ಇವರು ಅಲ್ಲ ಎಂದು ಒತ್ತಿದರು. ಆದರೆ ಕೆಲವು ದಿನದ ಮೇಲೆ “ಹಾವೇರಿ ತಂಪು ಹವೆಯ ಗುಡ್ಡದ ಊರು” ಎಂದು ಬಂತು. ಏಲಕ್ಕಿ ಬೆಳೆಯುವಲ್ಲಿ ಗುಡ್ಡ ಇರಬೇಕು, ತಂಪು ಇರಬೇಕು. ಒಂದು ತಪ್ಪನ್ನು ಹಿಡಿದುಕೊಂಡು ಅದು ಮುಂದಕ್ಕೆ ನಡೆದಿತ್ತು.

“ಬ್ಯಾಸಗ್ಯಾಗ ಒಂದ್ಸಲ ಇಳದ ನೋಡ ಅನ್ನ ಅದಕ್ಕ,” ಎಂದು ನಿಮ್ಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನನಗೆ ನಗೆ ಬರಲಿಲ್ಲ. ನಾವು ಅಲ್ಲ ಎಂದಿದ್ದರೂ ಅದು ಏಲಕ್ಕಿಯನ್ನು ಬಿಟ್ಟಿರಲಿಲ್ಲ. ಹಾಗಾದರೆ ಬೇರೆ ಯಾವುದೋ ಊರಿನ ಯಾವುದೋ ಪಡಸಾಲೆಯಲ್ಲಿ ಹೌದು ಎಂದವರಿದ್ದರು.

ಇನ್ನೊಂದು ದಿನ “ಬ್ಯಾಡಗಿ ಮೆಣಸಿನಕಾಯಿ ತುಂಬಾ ಖಾರ” ಎಂದು ಬಂತು. “ಎಕ್ಕಾ, ಬ್ಯಾಡಗಿಯಾಕಿ ನೀನ ಹೇಳವಾ,” ಎಂದಳು ಎದುರುಮನೆಯವಳು. ಎಲ್ಲರೂ ನನ್ನತ್ತ ತಿರುಗಿದರು. ಬಣ್ಣ ಹೆಚ್ಚು, ಖಾರ ಕಡಿಮೆ ಎಂದೆ. ಮೂವರೂ ಅಲ್ಲ ಎಂದು ಒತ್ತಿದರು. ಯಾರೂ ಮತ್ತೊಂದು ಮಾತು ಕೇಳಲಿಲ್ಲ. ಹೇಳಿದ್ದು ಖರೆಯೇ ಆಗಿತ್ತು, ಆದರೂ ನನ್ನ ಒಂದು ಬಾಯಿ ಮೂರು ಬಾಯಿಯಾಗಿ ಹೋದದ್ದು ಕಂಡು ಒಂಥರಾ ಕಸಿವಿಸಿಯಾಯಿತು. ಅತ್ತ ಕೆಲಸ ಕೊಟ್ಟವರು ಮೆಚ್ಚಿಕೊಂಡು ಸಂದೇಶ ಕಳಿಸಿದ್ದರು: ನಿಮ್ಮ ಗುಂಪಿನ ಉತ್ತರಗಳು ಬಹಳ ಚೆನ್ನಾಗಿ ಹೊಂದುತ್ತವೆ, ನಿಮಗೆ ಹೆಚ್ಚು ಕೆಲಸ ಕೊಡುತ್ತೇವೆ ಎಂದು. ಹೊಂದದೆ ಏನು ಮಾಡುತ್ತವೆ? ಒಂದೇ ಜಮಖಾನದ ಮೇಲಿನ ಉತ್ತರಗಳು.

ಈ ಅನುಮಾನವನ್ನು ನನಗೆ ಕಲಿಸಿಕೊಟ್ಟವರು ನಿಮ್ಮ ಅಜ್ಜ. ನಿಮ್ಮಪ್ಪನಿಗೆ ನಿಮ್ಮವ್ವನನ್ನು ನೋಡುವ ಮೊದಲು ಆ ಮನೆತನ ಹೇಗೆ ಎಂದು ವಿಚಾರಿಸಲು ಅವಳ ತವರೂರು ಅಗಡಿಗೆ ಹೋಗಿದ್ದರು. ಕಟ್ಟೆಯ ಮೇಲೆ ಒಬ್ಬ, ಚಹದಂಗಡಿಯಲ್ಲಿ ಒಬ್ಬ, ಬಸ್ಸಿನಲ್ಲಿ ಒಬ್ಬ, ಮೂವರೂ “ಹುಡುಗಿ ಬಾಯಿ ಭಾಳ ಜೋರ, ಮನಿ ಒಡೀತಾಳ” ಎಂದರಂತೆ. ಬೇರೆಯವರಾಗಿದ್ದರೆ ಅಲ್ಲಿಂದಲೇ ತಿರುಗಿ ಬರುತ್ತಿದ್ದರು. ಇವರು ಮೂವರಿಗೂ “ನಿಮಗ್ಯಾರ ಹೇಳಿದ್ರು?” ಎಂದು ಕೇಳಿದರು. ಕೇಳುತ್ತ ಹೋದರೆ ಮೂರು ದಾರಿಯೂ ಒಬ್ಬನ ಮನೆಯ ಬಾಗಿಲಿಗೇ ಮುಟ್ಟಿದವು. ಅವನು ತನ್ನ ಮಗನಿಗೆ ಆ ಹುಡುಗಿಯನ್ನು ಕೇಳಿ ಇಲ್ಲ ಅನ್ನಿಸಿಕೊಂಡವನು. ನಿಮ್ಮವ್ವನ ಬಾಯಿ ಜೋರೇ, ಅದು ಬೇರೆ ಮಾತು. ಮನೆಯನ್ನಂತೂ ಒಡೆದಿಲ್ಲ. ಓದುವ ಯಂತ್ರ ಅಗಡಿಗೆ ಹೋಗಿದ್ದರೆ ಮೂವರು ಹೇಳಿದ್ದಾರೆ ಎಂದು ನಂಬಿ ಬರುತ್ತಿತ್ತು. ನೀವು ಹುಟ್ಟುತ್ತಿರಲಿಲ್ಲ.

ಇನ್ನು ಜೇನಿನ ಮಾತು.

ಹುಡುಗಿಗೆ ದಿನ ತುಂಬುತ್ತ ಬಂದಿದ್ದವು. ಕಾಲು ಚಾಚಿ ಕುಳಿತು ಓದುತ್ತಿದ್ದಳು. “ನವಜಾತ ಶಿಶುವಿಗೆ ಮೊದಲು ಜೇನುತುಪ್ಪ ನೆಕ್ಕಿಸುವುದು ಒಳ್ಳೆಯದು” ಎಂದು ಓದಿ ನಿಲ್ಲಿಸಿದಳು.

“ಇದರಾಗ ಕೇಳೂದೇನೈತಿ? ಹೌದು ಒತ್ತ. ಬಂಗಾರದ ಉಂಗುರಕ್ಕ ಹಚ್ಚಿ ನೆಕ್ಕಸಬೇಕು. ಮಾತು ಸಿಹಿ ಆಗತೈತಿ,” ಎಂದಳು ತಾಯಿ.

“ನಿಮಗೂ ನೆಕ್ಕಿಸಿದ್ರೇನ್ರಿ ಅಕ್ಕಾರ?” ಎಂದು ನಿಮ್ಮವ್ವ ಕೆಣಕಿದಳು.

“ನನಗ ಬೆಲ್ಲ ನೆಕ್ಕಿಸಿದ್ರು. ಅದಕ್ಕ ಹಿಂಗಾಗೇನಿ.”

ಎಲ್ಲರೂ ನಕ್ಕರು. ನಾನು ಮಾತ್ರ ಗುಂಡ್ಯಾ ಹುಟ್ಟಿದಾಗ ದವಾಖಾನೆಯ ನರ್ಸಬಾಯಿ ಬೈದದ್ದನ್ನು ನೆನೆಯುತ್ತಿದ್ದೆ. ಎಳೆಗೂಸಿಗೆ ತಾಯಿಯ ಹಾಲಲ್ಲದೆ ಏನೂ ಬೇಡ, ಜೇನಂತೂ ವರ್ಷ ತುಂಬುವ ತನಕ ಮುಟ್ಟಿಸಬೇಡಿ, ಅದರಿಂದ ಕೂಸಿಗೆ ಕೆಟ್ಟ ರೋಗ ಬರಬಹುದು ಎಂದಿದ್ದಳು. ನಮ್ಮ ಕಾಲದಲ್ಲಿ ಎಲ್ಲರೂ ನೆಕ್ಕಿಸಿದವರೇ. ಯಾವುದನ್ನು ಹಿಡಿಯಬೇಕು ಎಂದು ನನಗೇ ಗಟ್ಟಿಯಿರಲಿಲ್ಲ.

“ಗೊತ್ತಿಲ್ಲ ಅನ್ನೂದನ್ನ ಒತ್ತರಿ,” ಎಂದೆ. ನನ್ನ ದನಿ ನನಗೇ ಕೇಳಿಸುವಷ್ಟಿತ್ತು.

“ಹಡದಾಕಿ ನೀನ ಗೊತ್ತಿಲ್ಲ ಅಂದ್ರ ಇನ್ಯಾರಿಗೆ ಗೊತ್ತಿರತೈತಿ ಎಕ್ಕಾ!” ಎಂದಳು ಎದುರುಮನೆಯವಳು. ಮೂರು ಹೆಬ್ಬೆರಳೂ ಹೌದು ಎಂಬುದರ ಮೇಲೆ ಇಳಿದವು. ನಿಮ್ಮವ್ವ ನನ್ನ ಮುಖ ನೋಡಿಯೂ ಒತ್ತಿದಳು. ಕೆಲಸ ಕೊಡಿಸಿದ ಹಿರಿಯಳ ಎದುರಿಗೆ ಅವಳ ಬೆರಳು ಬೇರೆ ಕಡೆ ಹೋಗಲಿಲ್ಲ.

ಹುಡುಗಿ ಹಡೆದಳು. ಹೆಣ್ಣುಕೂಸು, ಹೂವಿನಂತೆ ಹಗುರ. ದವಾಖಾನೆಯಿಂದ ಮನೆಗೆ ಬಂದ ದಿನ ಮುಂಜಾನೆ ನಾನು ಒಂದು ಹಳೆಯ ಮೆತ್ತನೆಯ ಸೀರೆ ಮಡಿಚಿಕೊಂಡು ಹೋದೆ. ಒಳಗೆ ಹೋಗಲಿಲ್ಲ. ಇಂಥ ಹೊತ್ತಿನಲ್ಲಿ ಗಂಡನಿಲ್ಲದ ನನ್ನಂಥವಳು ಮುಂದೆ ನಿಲ್ಲಬಾರದು ಎಂದು ಯಾರೂ ಹೇಳುವುದಿಲ್ಲ, ಆದರೆ ನನಗೇ ಗೊತ್ತಿದೆ. ಹೊಸ್ತಿಲ ಹೊರಗೆ ನಿಂತೆ.

ಒಳಗೆ ಎದುರುಮನೆಯವಳು ಕೈಯಲ್ಲಿ ಜೇನಿನ ಶೀಸೆ ಹಿಡಿದಿದ್ದಳು. ಬೆರಳಿನ ಉಂಗುರ ತೆಗೆದು ತೊಳೆದು ತಾಟಿನಲ್ಲಿ ಇಟ್ಟಿದ್ದಳು. ಮಗಳು ಕೂಸನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಸರಿದಿದ್ದಳು.

“ನರ್ಸಬಾಯಿ ಒತ್ತಿ ಒತ್ತಿ ಹೇಳ್ಯಾಳ ಅವ್ವಾ. ಬ್ಯಾಡ.”

“ಆಕಿ ನಿನ್ನೆ ಮೊನ್ನೆ ಹುಟ್ಟಿದಾಕಿ. ನಿನಗ ನೆಕ್ಕಿಸಿಲ್ಲೇನು? ಸತ್ತಿಯೇನು?”

“ಹಂಗಲ್ಲ ಬೇ…”

“ನಿನಗ ಫೋನಿನ ಮ್ಯಾಲ ನಂಬಿಕಿ ಐತೆಲ್ಲ? ಕೇಳ ಅದನ್ನ. ಅದು ಬ್ಯಾಡ ಅಂದ್ರ ಶೀಸೇನ ಒಗದ ಬಿಡ್ತೇನಿ.”

ಕೆಲಸ ಕೊಟ್ಟವರ ಆ್ಯಪಿನಲ್ಲಿ ಆ ಯಂತ್ರವನ್ನೇ ಪ್ರಶ್ನೆ ಕೇಳುವ ಒಂದು ಜಾಗವಿತ್ತು. ತಾವೇ ಬುದ್ಧಿ ಕಲಿಸಿದ್ದು ಎಷ್ಟು ಕಲಿತಿದೆ ನೋಡಲಿ ಎಂದು ಇಟ್ಟಿದ್ದರಂತೆ. ಹುಡುಗಿ ಒಂದು ಕೈಯಲ್ಲಿ ಕೂಸನ್ನು ಹಿಡಿದು ಇನ್ನೊಂದು ಕೈಯಲ್ಲಿ ಫೋನು ತೆಗೆದುಕೊಂಡು ಕೇಳಿದಳು. ಒಂದು ಹೆಣ್ಣುದನಿ, ಬಹಳ ನಯವಾದ ದನಿ, ಪುಸ್ತಕದ ಕನ್ನಡದಲ್ಲಿ ಹೇಳಿತು:

“ನವಜಾತ ಶಿಶುವಿಗೆ ಮೊದಲು ಜೇನುತುಪ್ಪ ನೆಕ್ಕಿಸುವುದು ಒಳ್ಳೆಯದು.”

“ಕೇಳಿದೇನು!” ಎಂದು ತಾಯಿ ಶೀಸೆಯ ಮುಚ್ಚಳ ತಿರುಗಿಸಿದಳು. ಮಗಳ ತೋಳು ಸಡಿಲವಾದದ್ದನ್ನು ನಾನು ಕಂಡೆ. ನರ್ಸಬಾಯಿಯ ಮಾತು ಒಂದು, ತಾಯಿಯದೂ ಫೋನಿನದೂ ಸೇರಿ ಎರಡು. ಅವಳು ಸೋಲುತ್ತಿದ್ದಳು. ಕೂಸು ತುಟಿ ಚಪ್ಪರಿಸುತ್ತಿತ್ತು.

ನಾನು ಹೊಸ್ತಿಲು ದಾಟಿ ಒಳಗೆ ಹೋದೆ. “ಅದಕ್ಕ ಯಾರ ಹೇಳ್ಯಾರ, ಕೇಳ,” ಎಂದೆ.

“ಏನಂದಿ ಎಕ್ಕಾ?”

ಹುಡುಗಿಯನ್ನೇ ನೋಡಿ ಮತ್ತೆ ಹೇಳಿದೆ. “ಫೋನಿಗೆ ಆ ಮಾತು ಯಾರ ಹೇಳ್ಯಾರ? ಅದನ್ನ ಕೇಳವಾ.”

ಹುಡುಗಿ ಕೇಳಿದಳು. ಅದೇ ನಯವಾದ ದನಿ: “ಈ ಮಾಹಿತಿಯನ್ನು ಹಲವು ಪುಟಗಳಲ್ಲಿ ಓದಲಾಗಿದೆ. ಕನ್ನಡ ಪರಿಶೀಲಕರು ಇದನ್ನು ದೃಢಪಡಿಸಿದ್ದಾರೆ.”

“ಪರಿಶೀಲಕರು ಅಂದ್ರ ಯಾರ? ಡಾಕ್ಟರೇನು?” ಎಂದಳು ತಾಯಿ.

ಹುಡುಗಿ ಫೋನನ್ನು ಹಾಸಿಗೆಯ ಮೇಲೆ ಬೋರಲು ಹಾಕಿದಳು. “ನಾವ, ಅವ್ವಾ,” ಎಂದಳು. “ದೊಡ್ಡವ್ವನ ಪಡಸಾಲ್ಯಾಗ ಕುಂತ ಒತ್ತಿದ್ವೆಲ್ಲ. ನೀ ಹೇಳಿದಿ, ನಾ ಒತ್ತಿದೆ. ನಿನ್ನ ಮಾತನ್ನ ನಿನಗ ತಿರುಗಿ ಹೇಳಾಕತ್ತೈತಿ ಅದು.”

ಹುಡುಗಿ ಕೂಸಿನ ಮುಖದ ಮೇಲೆ ಸೆರಗು ಎಳೆದುಕೊಂಡು ಹಾಲೂಡಿಸಲು ಗೋಡೆಯ ಕಡೆ ತಿರುಗಿದಳು. ಜೇನು ಶೀಸೆಯಲ್ಲಿಯೇ ಉಳಿಯಿತು. ತಾಯಿ ಮುಚ್ಚಳ ಹಾಕುತ್ತ ನನ್ನತ್ತ ನೋಡದೆ ಹೇಳಿದಳು:

“ಶುಭದಾಗ ನೀ ಅಡ್ಡ ಬರಬಾರದಿತ್ತ ಎಕ್ಕಾ.”

ಸೀರೆಯನ್ನು ಬಾಗಿಲ ಹತ್ತಿರ ಇಟ್ಟು ಮನೆಗೆ ಬಂದೆ. ನಿಮ್ಮವ್ವ ಏನಾಯಿತು ಎಂದು ಕೇಳಿದಳು. ಹೇಳಿದೆ. ಅವಳು ಬಡಿಯುತ್ತಿದ್ದ ರೊಟ್ಟಿ ಮುಗಿಸಿ, ಕೈ ತೊಳೆದುಕೊಂಡು ಕೆಲಸ ಕೊಟ್ಟವರಿಗೆ ಬರೆದಳು: ಆ ಮಾತು ತಪ್ಪು, ತೆಗೆಯಿರಿ ಎಂದು. ಅವರು ವಂದನೆ ಹೇಳಿ, ಹಾಗೆ ತೆಗೆಯಲು ಬರುವುದಿಲ್ಲ, ಅದೇ ಗುಂಪಿಗೆ ಇನ್ನೊಮ್ಮೆ ಕಳಿಸುತ್ತೇವೆ, ಮೂವರಲ್ಲಿ ಇಬ್ಬರಾದರೂ ಅಲ್ಲ ಎಂದರೆ ಹೋಗುತ್ತದೆ ಎಂದರು.

ಅಷ್ಟರಲ್ಲಿ ಪಡಸಾಲೆಯ ಜಮಖಾನ ಸುತ್ತಿಟ್ಟಿದ್ದೆವು. ಎದುರುಮನೆಯವಳು ನಮ್ಮ ಮನೆಗೆ ಬರುವುದನ್ನು ಬಿಟ್ಟಿದ್ದಳು. ಹಾಗಾಗಿ ಆ ಮಾತು ಮರಳಿ ಬಂದಾಗ ಮೊದಲ ಸಲ ಮೂವರೂ ಒಂದೇ ಜಮಖಾನದ ಮೇಲೆ ಕೂಡದೆ ಒತ್ತಿದರು. ನಿಮ್ಮವ್ವ ಅಲ್ಲ ಎಂದು ಒತ್ತಿದ್ದನ್ನು ನಾನು ಕಂಡಿದ್ದೇನೆ. ಹುಡುಗಿ ತಾನೂ ಅದನ್ನೇ ಒತ್ತಿದೆ ಎಂದು ಆಮೇಲೆ ಹೇಳಿದಳು. ಸಂಜೆ ನಿಮ್ಮವ್ವನ ಫೋನಿನಲ್ಲಿ, ಮಾತನ್ನು ತೆಗೆದಿದ್ದೇವೆ, ಮೂವರೂ ಅಲ್ಲ ಎಂದಿದ್ದಾರೆ ಎಂದು ಬಂತು.

ಮೂವರೂ. ಎದುರುಮನೆಯವಳೂ ಒತ್ತಿದ್ದಳು. ನನ್ನ ಮುಂದೆ ಆ ಸುದ್ದಿ ಎತ್ತಿಲ್ಲ, ನಾನೂ ಕೇಳಿಲ್ಲ. ಮೊಮ್ಮಗಳ ಮುಖ ನೋಡಿ ಒತ್ತಿದಳೋ, ಮಗಳು ಪಕ್ಕದಲ್ಲಿ ಕುಳಿತು ಒತ್ತಿಸಿದಳೋ, ಇಬ್ಬರ ಎದುರು ತಾನೊಬ್ಬಳೇ ಹೌದು ಎಂದರೆ ಕೆಲಸ ಹೋದೀತು ಎಂದು ಅಂಜಿದಳೋ, ನನಗೆ ಈಗಲೂ ಅನುಮಾನವಿದೆ. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಮಾತ್ರ ನನ್ನನ್ನು ಕರೆದಳು. ಹೋಗಿ ಎಲ್ಲರ ಹಿಂದೆ ನಿಂತು ಬಂದೆ.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮೊನ್ನೆ ನಿಮ್ಮವ್ವ ಫೋನು ನೋಡುತ್ತಿದ್ದವಳು “ಅತ್ತೀ, ಇಲ್ಲಿ ನೋಡ್ರಿ,” ಎಂದು ಕರೆದಳು. “ಎಳೆಯ ಮಗುವಿಗೆ ಜೇನು ಅಮೃತವಿದ್ದಂತೆ” ಎಂದು ಹೊಸ ಮಾತು ಬಂದಿತ್ತು. ಅದು ಮತ್ತೆಲ್ಲೋ, ಮತ್ತೆ ಯಾರೋ ಬರೆದದ್ದನ್ನು ಓದಿಕೊಂಡು ಬಂದಿತ್ತು. ನಿಮ್ಮವ್ವ ಅಲ್ಲ ಎಂದು ಒತ್ತಿದಳು. ಎದುರುಮನೆಯ ಬಾಗಿಲು ಮುಚ್ಚಿತ್ತು. ಒಳಗೆ ಏನು ಒತ್ತಿದರೋ ತಿಳಿಯಲಿಲ್ಲ. ಹುಡುಗಿ ಕೂಸನ್ನು ಕರೆದುಕೊಂಡು ಗಂಡನ ಮನೆಗೆ, ಕುಮಾರಪಟ್ಟಣಕ್ಕೆ ಹೋಗಿಬಿಟ್ಟಿದ್ದಾಳೆ. ಇನ್ನೂ ಇದೇ ಗುಂಪಿನಲ್ಲಿ ಇದ್ದಾಳೋ ಇಲ್ಲವೋ, ಅವಳ ಜಾಗಕ್ಕೆ ಯಾವ ಊರಿನ ಯಾರು ಬಂದರೋ ಗೊತ್ತಿಲ್ಲ.

ಇದನ್ನೆಲ್ಲ ಬರೆಯುವಾಗ ನನ್ನನ್ನು ಕಾಡಿದ್ದು ಒಂದೇ. ಈ ಹಾಳೆಗಳಲ್ಲಿಯೂ ಆ ಜೇನಿನ ಮಾತು ಇದೆ. ಬರೆಯದೆ ಹೇಳುವುದು ಹೇಗೆ? ನೀವು ಓದಿದರೆ ಸುತ್ತಲಿನದನ್ನೂ ಓದುತ್ತೀರಿ, ಕೂಸಿನ ಬಾಯಿಯ ಹತ್ತಿರ ಬಂದಿದ್ದ ಉಂಗುರವನ್ನೂ ಕಾಣುತ್ತೀರಿ. ಆ ಯಂತ್ರದ ಕಣ್ಣಿಗೆ ಬಿದ್ದರೆ ಅದು ಅದೊಂದು ಸಾಲನ್ನೇ ಆರಿಸಿಕೊಂಡು, ಹಲವು ಪುಟಗಳ ಜೊತೆಗೆ ಇನ್ನೊಂದು ಪುಟ ಎಂದು ನನ್ನನ್ನೂ ಎಣಿಸಿಕೊಂಡೀತು. ಆದ್ದರಿಂದ ಚಿನ್ನಿ, ಚೆಂದ ಇದೆ ಎಂದು ಇದರ ಫೋಟೊ ತೆಗೆದು ಎಲ್ಲಿಯೂ ಹಾಕಬೇಡ. ಗುಂಡ್ಯಾ, ನೀನು ಗೆಳೆಯರಿಗೆ ಕಳಿಸಬೇಡ. ಓದಿ, ಮಡಿಚಿ, ನನ್ನ ಟ್ರಂಕಿನಲ್ಲಿ ಸೀರೆಗಳ ಅಡಿಗೆ ಇಡಿರಿ. ನಿಮ್ಮ ಮನೆಗೊಂದು ಕೂಸು ಬರುವ ತನಕ ಜೋಪಾನ ಮಾಡಿರಿ, ಅವತ್ತು ತೆಗೆದು ಪೂರ್ತಿ ಓದಿರಿ.